99 ವರ್ಷದ ಲೀಸು, ಮೂರು ವರ್ಷದ ಮಗು

ಈ ಸಲದ ಪ್ರಶ್ನೆ ಮೊದಲು ಕೇಳಿದಾಗ ಒಣ ಲೆಕ್ಕದ ಪ್ರಶ್ನೆ ಅನ್ನಿಸುತ್ತೆ. ಊರಿಗೆ ಸೇರಿದ ಜಾಗವನ್ನು ಒಂದು ಡೇಕೇರ್‌ಗೆ ಕೊಡುವಾಗ ನಗರಸಭೆ ಎಷ್ಟು ಬಾಡಿಗೆ ಕೇಳಬೇಕು? ಮಾರುಕಟ್ಟೆಯಲ್ಲಿ ಸಿಗುವಷ್ಟಾ? ಅದರ ಅರ್ಧವಾ? ಅಥವಾ ನಾಮಕಾವಸ್ತೆಗೆ ವರ್ಷಕ್ಕೊಂದು ಡಾಲರಾ?

ಇದು ಅಕೌಂಟೆಂಟ್‌ಗಳು ತಲೆ ಕೆಡಿಸಿಕೊಳ್ಳಬೇಕಾದ ವಿಷಯ, ನಮಗ್ಯಾಕೆ ಅಂತ ಅನ್ನಿಸಿದರೆ ಆಶ್ಚರ್ಯ ಇಲ್ಲ. ಆದರೆ ಕನ್ನಡದಲ್ಲಿ ಧರ್ಮಸೂಕ್ಷ್ಮ ಅಂತ ಒಂದು ಮಾತಿದೆ. ಎರಡು ಕಡೆಯೂ ನ್ಯಾಯ ಇದ್ದ ಹಾಗೆ ಕಂಡು, ಯಾವುದು ಸರಿ ಅಂತ ಥಟ್ಟನೆ ಹೇಳೋಕಾಗದ ಇಕ್ಕಟ್ಟಿಗೆ ಆ ಹೆಸರು. ಮಹಾಭಾರತದ ಸಭೆಯಲ್ಲಿ ದ್ರೌಪದಿ ಪ್ರಶ್ನೆ ಕೇಳಿದಾಗ ಭೀಷ್ಮ ಹೇಳಿದ್ದೂ ಇದನ್ನೇ: ಧರ್ಮ ಬಹಳ ಸೂಕ್ಷ್ಮ, ಉತ್ತರ ಹೇಳೋದು ಕಷ್ಟ ಅಂತ. ಡೇಕೇರ್ ಬಾಡಿಗೆಯ ಒಳಗೂ ಅಂಥದ್ದೊಂದು ಸೂಕ್ಷ್ಮ ಇದೆ. ಜಾಗ ಕೊಡುವವರು ಒಬ್ಬರು, ಬಾಡಿಗೆ ಕಟ್ಟುವವರು ಇನ್ನೊಬ್ಬರು. ಆದರೆ ಆ ಜಾಗ ನಿಜವಾಗಿ ಬೇಕಾಗಿರುವುದು ಮೂರನೆಯವರಿಗೆ. ಆ ಮೂರನೆಯವರಿಗೆ ಮೂರು ವರ್ಷ ವಯಸ್ಸು. ಸಹಿ ಹಾಕೋಕೆ ಬರಲ್ಲ, ಚೌಕಾಸಿ ಮಾಡೋಕೆ ಬರಲ್ಲ, ವೋಟೂ ಇಲ್ಲ.

ಉದಾಹರಣೆಗೆ ಸ್ಕಾರ್‌ಬರೋವನ್ನೇ ತಗೊಳ್ಳೋಣ.

ಗೋಲ್ಡನ್ ಮೈಲ್‌ನ ಹಳೇ ಕಥೆ

ಎಗ್ಲಿಂಟನ್ ಅವೆನ್ಯೂ ಈಸ್ಟ್‌ನಲ್ಲಿ, ವಿಕ್ಟೋರಿಯಾ ಪಾರ್ಕ್‌ನಿಂದ ಬರ್ಚ್‌ಮೌಂಟ್‌ವರೆಗಿನ ಭಾಗಕ್ಕೆ ಗೋಲ್ಡನ್ ಮೈಲ್ ಅಂತ ಹೆಸರು. ಇವತ್ತು ಅಲ್ಲಿಗೆ ಹೋದರೆ ಕಾಣೋದು ದೊಡ್ಡ ದೊಡ್ಡ ಅಂಗಡಿಗಳು, ಅವುಗಳ ಮುಂದೆ ಪಾರ್ಕಿಂಗ್ ಬಯಲು, ಅಲ್ಲಲ್ಲಿ ಹೊಸ ಟವರ್‌ಗಳ ಬೋರ್ಡು. ಈ ನೆಲಕ್ಕೂ ಮಕ್ಕಳನ್ನು ನೋಡಿಕೊಳ್ಳುವ ಪ್ರಶ್ನೆಗೂ ಹಳೆಯ ನಂಟಿದೆ.

ಎರಡನೇ ಮಹಾಯುದ್ಧ ನಡೀತಿದ್ದಾಗ, 1941ರಲ್ಲಿ, ಜನರಲ್ ಎಂಜಿನಿಯರಿಂಗ್ ಕಂಪನಿ ಇಲ್ಲಿ ಮದ್ದುಗುಂಡಿನ ಕಾರ್ಖಾನೆ ಶುರು ಮಾಡಿತು. ಯುದ್ಧ ಮುಗಿಯುವಷ್ಟರಲ್ಲಿ ಸುಮಾರು 21,000 ಜನ ಅಲ್ಲಿ ದುಡಿದಿದ್ದರು, ಅವರಲ್ಲಿ ಹೆಚ್ಚಿನವರು ಹೆಂಗಸರು. ಹೀಗೆ ಇಡೀ ದೇಶದಲ್ಲಿ ಹೆಂಗಸರು ಕಾರ್ಖಾನೆಗಳಿಗೆ ಹೋದಾಗ ಮನೆಯಲ್ಲಿ ಮಗು ನೋಡೋರು ಯಾರು ಅನ್ನೋ ಪ್ರಶ್ನೆ ಎದ್ದಿತು. 1942ರಲ್ಲಿ ಫೆಡರಲ್ ಸರ್ಕಾರವೂ ಒಂಟಾರಿಯೋ ಸರ್ಕಾರವೂ ಖರ್ಚನ್ನು ಅರ್ಧರ್ಧ ಹಂಚಿಕೊಂಡು ಡೇ ನರ್ಸರಿಗಳನ್ನು ನಡೆಸುವ ಒಪ್ಪಂದಕ್ಕೆ ಬಂದವು. ಅಲ್ಲಿಯವರೆಗೆ ಮಗು ನೋಡಿಕೊಳ್ಳೋದು ತಾಯಿಯ ಖಾಸಗಿ ಕೆಲಸ, ಸರ್ಕಾರಕ್ಕೆ ಸಂಬಂಧ ಇಲ್ಲ ಅನ್ನುತ್ತಿದ್ದವರು, ಫಿರಂಗಿಗೆ ಮದ್ದು ತುಂಬುವ ಕೈ ಬೇಕಾದಾಗ ಒಂದೇ ವರ್ಷದಲ್ಲಿ ಮಾತು ಬದಲಾಯಿಸಿದರು.

ಯುದ್ಧ ಮುಗಿದ ಮೇಲೆ ಮಾತು ಮತ್ತೆ ಬದಲಾಯಿತು. 1946ರಲ್ಲಿ ಫೆಡರಲ್ ಸರ್ಕಾರ ಹಣ ನಿಲ್ಲಿಸಿತು. ಟೊರಾಂಟೋದ ತಾಯಂದಿರು ಸಂಘ ಕಟ್ಟಿಕೊಂಡು ಹೋರಾಡಿದ್ದರಿಂದ ಕೆಲವು ನರ್ಸರಿಗಳು ಉಳಿದವು. ಅದೇ ವರ್ಷ ಒಂಟಾರಿಯೋ ಡೇ ನರ್ಸರೀಸ್ ಆಕ್ಟ್ ತಂದಿತು.

ಇತ್ತ ಸ್ಕಾರ್‌ಬರೋ ಟೌನ್‌ಶಿಪ್, ಅಂದರೆ ಆಗಿನ ಸ್ಥಳೀಯ ಆಡಳಿತ, ಮದ್ದುಗುಂಡಿನ ಕಾರ್ಖಾನೆಯ ಜಾಗವನ್ನು ಸರ್ಕಾರದಿಂದ ಕೊಂಡುಕೊಂಡು ಹೊಸ ಕಾರ್ಖಾನೆಗಳಿಗೆ ಮಾರಿತು. ಗೋಲ್ಡನ್ ಮೈಲ್ ಅನ್ನೋ ಹೆಸರು ಬಂದದ್ದು ಆಗ. 1959ರಲ್ಲಿ ಎರಡನೇ ಎಲಿಜಬೆತ್ ರಾಣಿ ಇಲ್ಲಿನ ಪ್ಲಾಜಾ ನೋಡೋಕೆ ಬಂದಿದ್ದರು. 1993ರಲ್ಲಿ ಜನರಲ್ ಮೋಟರ್ಸ್‌ನ ವ್ಯಾನ್ ಕಾರ್ಖಾನೆ ಮುಚ್ಚಿತು. ಕಾರ್ಖಾನೆಗಳಿದ್ದ ಕಡೆ ಅಂಗಡಿಗಳು ಬಂದವು. 1998ರಲ್ಲಿ ಸ್ಕಾರ್‌ಬರೋ ಟೊರಾಂಟೋದೊಳಗೆ ಸೇರಿಹೋಯಿತು. 2020ರ ಅಕ್ಟೋಬರ್‌ನಲ್ಲಿ ಟೊರಾಂಟೋ ಸಿಟಿ ಕೌನ್ಸಿಲ್ ಗೋಲ್ಡನ್ ಮೈಲ್ ಸೆಕೆಂಡರಿ ಪ್ಲಾನ್ ಒಪ್ಪಿತು. ಈಗ ಆ ಪಾರ್ಕಿಂಗ್ ಬಯಲುಗಳಲ್ಲಿ ಟವರ್, ರಸ್ತೆ, ಪಾರ್ಕು ಬರಬೇಕು. ಅವುಗಳ ಜೊತೆಗೆ ಡೇಕೇರ್‌ಗಳೂ ಬರಬೇಕು.

ಎಂಬತ್ತು ವರ್ಷದಲ್ಲಿ ಒಂದೇ ನೆಲ ಮದ್ದುಗುಂಡು, ಫ್ಯಾಕ್ಟರಿ, ಅಂಗಡಿ, ಟವರ್ ಅಂತ ನಾಲ್ಕು ವೇಷ ಹಾಕಿದೆ. ಪ್ರತಿ ಸಲವೂ ಇಲ್ಲಿ ಏನು ಬರಬೇಕು ಅಂತ ತೀರ್ಮಾನ ಮಾಡುವುದರಲ್ಲಿ ಸರ್ಕಾರದ ಕೈ ಇತ್ತು. ನೆಲದ ಬೆಲೆಯನ್ನು ಮಾರುಕಟ್ಟೆ ಒಂದೇ ನಿರ್ಧರಿಸೋದಿಲ್ಲ ಅಂತ ಇದರಿಂದ ಗೊತ್ತಾಗುತ್ತೆ. ಇಲ್ಲಿ ಎಷ್ಟು ಮಹಡಿ ಕಟ್ಟಬಹುದು ಅಂತ ಕೌನ್ಸಿಲ್ ಹೇಳಿದ ದಿನವೇ ಜಾಗದ ಬೆಲೆ ಏರುತ್ತೆ. ಈ ಮಾತನ್ನು ನೆನಪಲ್ಲಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಟವರ್‌ನ ಕೆಳಗೆ ಡೇಕೇರ್ ಬರೋದು ಹೇಗೆ?

ಎರಡು ದಾರಿಗಳಿವೆ.

ಮೊದಲನೆಯದು ಖಾಸಗಿ ಜಾಗದ ದಾರಿ. ಒಂಟಾರಿಯೋದ ಪ್ಲಾನಿಂಗ್ ಆಕ್ಟ್‌ನ ಸೆಕ್ಷನ್ 37ರ ಪ್ರಕಾರ, ಡೆವಲಪರ್‌ಗೆ ಹೆಚ್ಚು ಎತ್ತರ ಕಟ್ಟೋಕೆ ಒಪ್ಪಿಗೆ ಕೊಟ್ಟು, ಅದಕ್ಕೆ ಬದಲಾಗಿ ಊರಿಗೆ ಏನಾದರೂ ಕೇಳಬಹುದಿತ್ತು. ಒಂದು ಪಾರ್ಕು, ಒಂದು ಲೈಬ್ರರಿ ಕೋಣೆ, ಒಂದು ಡೇಕೇರ್. ಡೆವಲಪರ್ ಕಟ್ಟಿ ಸಿಟಿಗೆ ಒಪ್ಪಿಸ್ತಾರೆ, ಸಿಟಿ ಅದನ್ನು ಲಾಭ ಮಾಡದ ಸಂಸ್ಥೆಯೊಂದಕ್ಕೆ ಲೀಸ್‌ಗೆ ಕೊಡುತ್ತೆ. 2020ರಲ್ಲಿ ಪ್ರಾಂತ್ಯ ಸರ್ಕಾರ ಈ ಚೌಕಾಸಿಯ ವಿಧಾನವನ್ನು ಬದಲಿಸಿತು. ಈಗ ಅದರ ಜಾಗದಲ್ಲಿ ಕಮ್ಯುನಿಟಿ ಬೆನಿಫಿಟ್ಸ್ ಚಾರ್ಜ್ ಇದೆ, ಅದು ಜಮೀನಿನ ಬೆಲೆಯ ಶೇಕಡಾ 4ನ್ನು ಮೀರುವ ಹಾಗಿಲ್ಲ. ಟೊರಾಂಟೋ 2022ರ ಆಗಸ್ಟ್‌ನಲ್ಲಿ ಅದಕ್ಕೆ ತನ್ನ ಬೈಲಾ ಮಾಡಿಕೊಂಡಿತು.

ಎರಡನೆಯದು ಸಿಟಿಯ ಸ್ವಂತ ಜಾಗದ ದಾರಿ. 2019ರ ಜನವರಿಯಲ್ಲಿ ಕೌನ್ಸಿಲ್ ಹೌಸಿಂಗ್ ನೌ ಅನ್ನೋ ಯೋಜನೆ ಒಪ್ಪಿತು. ಸಿಟಿಯ ಕೈಯಲ್ಲೇ ಇದ್ದ 11 ಜಾಗಗಳನ್ನು ಮನೆ ಕಟ್ಟೋಕೆ ಆರಿಸಿದರು. ಅವುಗಳಲ್ಲಿ ಎರಡು ಸ್ಕಾರ್‌ಬರೋ ಕಡೆಯವು: ವಾರ್ಡನ್ ಸ್ಟೇಷನ್ ಪಕ್ಕದ 705 ವಾರ್ಡನ್ ಅವೆನ್ಯೂ, ಮತ್ತೆ ವಿಕ್ಟೋರಿಯಾ ಪಾರ್ಕ್ ಸ್ಟೇಷನ್ ಪಕ್ಕದ 777 ವಿಕ್ಟೋರಿಯಾ ಪಾರ್ಕ್ ಅವೆನ್ಯೂ. ಈ ಯೋಜನೆಯಲ್ಲಿ ಸಿಟಿ ಜಾಗ ಮಾರೋದಿಲ್ಲ, ಕಟ್ಟುವವರಿಗೆ 99 ವರ್ಷದ ಲೀಸ್‌ಗೆ ಕೊಡುತ್ತೆ. ನೆಲ ಊರಿನ ಕೈ ತಪ್ಪದ ಹಾಗೆ ನೋಡಿಕೊಳ್ಳುವ ವಿಧಾನ ಇದು, ಒಳ್ಳೆಯ ವಿಧಾನವೇ.

ಯಾವ ದಾರಿಯಲ್ಲಿ ಬಂದರೂ ಕೊನೆಗೆ ಒಂದು ಲೀಸ್ ಪತ್ರ ಇರುತ್ತೆ. ಟೊರಾಂಟೋದಲ್ಲಿ ಕಮ್ಯುನಿಟಿ ಸ್ಪೇಸ್ ಟೆನೆನ್ಸಿ ಅಂತ ಒಂದು ಪಾಲಿಸಿ ಇದೆ. ಲಾಭ ಮಾಡದ ಸಂಸ್ಥೆಗಳಿಗೆ ಸಿಟಿಯ ಜಾಗ ಮಾರುಕಟ್ಟೆ ದರಕ್ಕಿಂತ ಕಡಿಮೆಗೆ ಸಿಗುತ್ತೆ, ಆದರೆ ಕರೆಂಟು, ಹೀಟಿಂಗ್, ಮೇಂಟೆನೆನ್ಸ್ ಥರದ ಖರ್ಚು ಬಾಡಿಗೆದಾರರ ಮೇಲೆ.

ಒಂದು ಮಾತು ಸೇರಿಸಬೇಕು. ಡೇಕೇರ್‌ಗೆ ಎಲ್ಲೋ ಇಪ್ಪತ್ತನೇ ಮಹಡಿಯ ಮೂಲೆ ಕೊಟ್ಟರೆ ಆಗಲ್ಲ. ಒಂಟಾರಿಯೋದ ನಿಯಮದ ಪ್ರಕಾರ ಪ್ರತಿ ಪುಟ್ಟ ಮಗುವಿಗೆ ಒಳಗೆ 2.8 ಚದರ ಮೀಟರ್ ಖಾಲಿ ನೆಲ ಬೇಕು, ಹೊರಗೆ ಆಡೋಕೆ 5.6 ಚದರ ಮೀಟರ್ ಬೇಕು. ಬೆಂಕಿ ಬಿದ್ದರೆ ಮಕ್ಕಳನ್ನು ಎತ್ತಿಕೊಂಡು ಹೊರಗೆ ಓಡೋ ಹಾಗಿರಬೇಕು, ಹಾಗಾಗಿ ಕೆಳಗಿನ ಮಹಡಿಯೇ ಬೇಕು. ಕಾಫಿ ಅಂಗಡಿ, ಬ್ಯಾಂಕು, ಔಷಧಿ ಅಂಗಡಿಗೂ ಬೇಕಾದದ್ದು ಅದೇ ಕೆಳಗಿನ ಮಹಡಿ. ಬಾಡಿಗೆಯ ಜಗಳ ಹುಟ್ಟೋದು ಅಲ್ಲಿ.

ಪೂರ್ತಿ ಬಾಡಿಗೆ ಕೇಳಿ ಅನ್ನುವವರ ನ್ಯಾಯ

ಪೂರ್ತಿ ಬಾಡಿಗೆ ಕೇಳಬೇಕು ಅನ್ನುವವರೆಲ್ಲ ಕಲ್ಲೆದೆಯವರಲ್ಲ. ಅವರ ವಾದಕ್ಕೆ ತೂಕ ಇದೆ.

ಮೊದಲನೆಯದು, ಸಿಟಿ ಬಿಟ್ಟುಕೊಟ್ಟ ಬಾಡಿಗೆಯೂ ಖರ್ಚೇ. ಅದು ಬಜೆಟ್ ಪುಸ್ತಕದಲ್ಲಿ ಕಾಣಲ್ಲ ಅಷ್ಟೇ. 2024ರಲ್ಲಿ ಟೊರಾಂಟೋದಲ್ಲಿ ಮನೆ ತೆರಿಗೆ ಶೇಕಡಾ 9.5ರಷ್ಟು ಏರಿತು. ಪಿಂಚಣಿಯಲ್ಲಿ ಬದುಕುವ ಒಬ್ಬ ಅಜ್ಜಿ ಅದನ್ನು ಕಟ್ಟುತ್ತಾರೆ. ಇಬ್ಬರೂ ಐಟಿಯಲ್ಲಿ ದುಡಿಯುವ ದಂಪತಿಯ ಮಗುವಿಗೆ ಅವರ ತೆರಿಗೆಯಿಂದ ಅಗ್ಗದ ಜಾಗ ಯಾಕೆ ಅಂತ ಅವರು ಕೇಳಿದರೆ ಅದು ಕೆಟ್ಟ ಪ್ರಶ್ನೆ ಅಲ್ಲ.

ಎರಡನೆಯದು, ಅದೇ ಕೆಳಗಿನ ಮಹಡಿಗೆ ಬೇರೆ ಅರ್ಹರೂ ಇದ್ದಾರೆ. ಫುಡ್ ಬ್ಯಾಂಕ್, ಹಿರಿಯರ ಕೇಂದ್ರ, ಹೊಸದಾಗಿ ಬಂದವರಿಗೆ ಇಂಗ್ಲಿಷ್ ಕಲಿಸುವ ಸಂಸ್ಥೆ. ಮಗು ಅಂದ ತಕ್ಷಣ ಎಲ್ಲರ ಮನಸ್ಸು ಕರಗುತ್ತೆ, ಆದರೆ ಮನಸ್ಸು ಕರಗೋದೇ ಹಂಚಿಕೆಯ ಅಳತೆ ಆಗಬಾರದು.

ಮೂರನೆಯದು ಇನ್ನೂ ಗಟ್ಟಿ. ಅಗ್ಗದ ಬಾಡಿಗೆ ಅಂದರೆ ಕೃಪೆ. ಕೃಪೆಯಲ್ಲಿ ಬದುಕುವವರು ಪ್ರಶ್ನೆ ಕೇಳೋಕೆ ಹೆದರ್ತಾರೆ. ಚಾವಣಿ ಸೋರಿದರೂ ಮಾಲೀಕರನ್ನು ಗಟ್ಟಿಯಾಗಿ ಕೇಳೋಕೆ ಬಾಯಿ ಬರಲ್ಲ. ದುಡ್ಡು ಕೊಟ್ಟರೆ ಹಕ್ಕಿರುತ್ತೆ. ನಮ್ಮೂರ ಕಡೆ ಗೇಣಿದಾರರ ಕಥೆ ಕೇಳಿದವರಿಗೆ ಇದು ಅರ್ಥ ಆಗುತ್ತೆ. ಒಡೆಯರ ದಯೆಯಲ್ಲಿ ಉಳುತ್ತಿದ್ದವರ ತಲೆ 1974ರ ಭೂಸುಧಾರಣೆ ಕಾನೂನು ಬರೋವರೆಗೂ ಮೇಲೆ ಏಳಲಿಲ್ಲ. ಅವರಿಗೆ ಬೇಕಾಗಿದ್ದದ್ದು ದಯೆ ಅಲ್ಲ, ಪತ್ರ.

ಈ ಮೂರು ಮಾತನ್ನೂ ಪಕ್ಕಕ್ಕೆ ತಳ್ಳದೆ ಮುಂದೆ ಹೋಗೋಣ.

ಒಂದು ಜೇಬು, ಇನ್ನೊಂದು ಜೇಬು

2022ರ ಮಾರ್ಚ್ 28ಕ್ಕೆ ಒಂಟಾರಿಯೋ ಫೆಡರಲ್ ಸರ್ಕಾರದ ಜೊತೆ ಮಕ್ಕಳ ಆರೈಕೆಯ ಒಪ್ಪಂದಕ್ಕೆ ಸಹಿ ಹಾಕಿತು. ಪ್ರಾಂತ್ಯಗಳ ಪೈಕಿ ಸಹಿ ಹಾಕಿದ್ದರಲ್ಲಿ ಅದೇ ಕೊನೆಯದು. ದಿನಕ್ಕೆ ಸರಾಸರಿ 10 ಡಾಲರ್ ಅನ್ನೋದು ಗುರಿ. 2025ರ ಜನವರಿಯಿಂದ, ಈ ಯೋಜನೆಗೆ ಸೇರಿದ ಡೇಕೇರ್‌ಗಳು ಆರು ವರ್ಷದೊಳಗಿನ ಮಗುವಿಗೆ ದಿನಕ್ಕೆ 22 ಡಾಲರ್‌ಗಿಂತ ಹೆಚ್ಚು ತಗೊಳ್ಳೋ ಹಾಗಿಲ್ಲ. ಉಳಿದ ಖರ್ಚಿಗೆ ಸರ್ಕಾರದ ಹಣ ಬರುತ್ತೆ. ಆ ಹಣ ಡೇಕೇರ್‌ಗೆ ತಲುಪೋದು ಟೊರಾಂಟೋ ಸಿಟಿಯ ಮೂಲಕ.

ಇದರಿಂದ ಬಾಡಿಗೆಯ ಲೆಕ್ಕವೇ ಬದಲಾಯಿತು. ಮೊದಲಾದರೆ ಬಾಡಿಗೆ ಹೆಚ್ಚಿದರೆ ಡೇಕೇರ್‌ನವರು ಫೀಸು ಏರಿಸುತ್ತಿದ್ದರು, ಭಾರ ಅಪ್ಪ ಅಮ್ಮನ ಮೇಲೆ ಬೀಳುತ್ತಿತ್ತು. ಈಗ ಫೀಸಿಗೆ ಮಿತಿ ಇದೆ. ಹಾಗಾದರೆ ಸಿಟಿ ಮಾಲೀಕನಾಗಿ ಕೇಳುವ ಬಾಡಿಗೆಯನ್ನು ಕೊಡೋರು ಯಾರು? ಅದೇ ಸಿಟಿ ಹಂಚುವ ಸಾರ್ವಜನಿಕ ಹಣ. ಬಾಡಿಗೆ ಕೇಳೋದೂ ಅದೇ ಕೈ, ಅನುದಾನ ಹಂಚೋದೂ ಅದೇ ಕೈ. ಎಡ ಜೇಬಿಂದ ತೆಗೆದು ಬಲ ಜೇಬಿಗೆ ಹಾಕಿದ ಹಾಗೆ.

ಆಟವಾಡೋಕೆ ಬಂದವರು ಇಲ್ಲೊಂದು ಚಾಲಾಕಿ ಮಾತು ಹೇಳಬಹುದು. ಒಟ್ಟಾವಾದ ದುಡ್ಡು ತಾನೇ, ಸಿಟಿ ಪೂರ್ತಿ ಬಾಡಿಗೆ ಕೇಳಲಿ, ಅಲ್ಲಿನ ಹಣ ಇಲ್ಲಿಗೆ ಬರಲಿ ಅಂತ. ಆದರೆ ಆ ಹಣದ ಗಂಟಿಗೂ ತಳ ಇದೆ. ಗೋಡೆಗೆ ಹೋದ ಪ್ರತಿ ಡಾಲರೂ ಹೊಸ ಸೀಟಿಗೆ ಹೋಗಲ್ಲ, ಮಗುವನ್ನು ಎತ್ತಿಕೊಳ್ಳುವ ಟೀಚರ್‌ನ ಸಂಬಳಕ್ಕೆ ಹೋಗಲ್ಲ. ಅಲ್ಲದೆ ಸರ್ಕಾರ ಬಾಡಿಗೆಗೆ ಕೊಡುವ ಹಣಕ್ಕೆ ಒಂದು ಲೆಕ್ಕದ ಮಿತಿ ಇರುತ್ತೆ. ಅದನ್ನು ಮೀರಿದ ಬಾಡಿಗೆ ಬಂದಾಗ ಡೇಕೇರ್ ಎಲ್ಲಿ ಕಡಿತ ಮಾಡುತ್ತೆ ಅಂತ ಊಹಿಸೋದು ಕಷ್ಟ ಅಲ್ಲ. ಹಣ್ಣು, ಹಾಲು, ಆಟದ ಸಾಮಾನು, ಬದಲಿ ಟೀಚರ್.

ಇನ್ನೊಂದು ವಿಷಯ. ಆಗಲೇ ಹೇಳಿದ ಹಾಗೆ ಆ ನೆಲದ ಬೆಲೆ ಏರಿದ್ದೇ ಕೌನ್ಸಿಲ್‌ನ ನಿರ್ಧಾರದಿಂದ, ಸಾರ್ವಜನಿಕ ದುಡ್ಡಲ್ಲಿ ಕಟ್ಟಿದ ರೈಲಿನಿಂದ. ಊರು ತಾನೇ ಬೆಲೆ ಏರಿಸಿ, ಆ ಏರಿದ ಬೆಲೆಯನ್ನು ಮಾರುಕಟ್ಟೆ ದರ ಅಂತ ಕರೆದು, ತನ್ನ ಮಕ್ಕಳಿಂದಲೇ ಅದನ್ನು ಕೇಳೋದರಲ್ಲಿ ಏನೋ ಎಡವಟ್ಟಿದೆ.

ಗೋಮಾಳದ ಲೆಕ್ಕ

ಪಿಂಚಣಿಯ ಅಜ್ಜಿಯ ಪ್ರಶ್ನೆಗೆ ಇನ್ನೂ ಉತ್ತರ ಕೊಟ್ಟಿಲ್ಲ. ಅದಕ್ಕೆ ಕರ್ನಾಟಕದ ಹಳ್ಳಿಗೆ ಒಂದು ಸುತ್ತು ಹೋಗಿ ಬರೋಣ.

ಗೋಮಾಳ ಅನ್ನೋ ಪದ ಇಲ್ಲಿ ಬೆಳೆದ ಮಕ್ಕಳಿಗೆ ಗೊತ್ತಿರಲಿಕ್ಕಿಲ್ಲ. ಊರಿನ ದನ ಮೇಯೋಕೆ ಅಂತ ಬಿಟ್ಟ ಜಾಗ. ಯಾರೋ ಒಬ್ಬರ ಆಸ್ತಿ ಅಲ್ಲ, ಉಳೋ ಹಾಗಿಲ್ಲ, ಮೇಯಿಸೋಕೆ ಬಾಡಿಗೆ ಇಲ್ಲ. ಕರ್ನಾಟಕದ ಭೂಕಂದಾಯ ನಿಯಮದಲ್ಲಿ ಇದಕ್ಕೆ ಲೆಕ್ಕವೇ ಇದೆ: 100 ದನಕ್ಕೆ 12 ಹೆಕ್ಟೇರ್. ದನ ಇಟ್ಟವರು ಕೆಲವರೇ ಇರಬಹುದು, ಆದರೆ ಹಾಲು, ಗೊಬ್ಬರ, ಉಳುಮೆ ಇಡೀ ಊರಿಗೆ ಬೇಕು ಅನ್ನೋ ತಿಳಿವಳಿಕೆ ಅದರ ಹಿಂದಿತ್ತು. ದನ ಎಷ್ಟು ಬಾಡಿಗೆ ಕೊಡುತ್ತೆ ಅಂತ ಯಾರೂ ಕೇಳಲಿಲ್ಲ. ಊರಲ್ಲಿ ಎಷ್ಟು ದನ ಇದೆ ಅಂತ ಕೇಳಿದರು.

ಇದನ್ನು ಹಳೇ ಕಾಲದ ಸ್ವರ್ಗ ಅಂತ ಹೇಳ್ತಿಲ್ಲ. ಗೋಮಾಳದಲ್ಲಿ ಯಾರ ದನ ಮೇಯಬೇಕು ಅನ್ನೋದರಲ್ಲೂ ಜಾತಿಯ ಜೋರು ಇತ್ತು, ಈಗಂತೂ ಎಷ್ಟೋ ಗೋಮಾಳಗಳು ಒತ್ತುವರಿಯಾಗಿವೆ. ನನಗೆ ಬೇಕಾದದ್ದು ಆ ಲೆಕ್ಕದ ವಿಧಾನ ಅಷ್ಟೇ. ಅಗತ್ಯ ಎಣಿಸಿ ಜಾಗ ಬಿಡುವ ವಿಧಾನ.

ಒಂಟಾರಿಯೋದ ನಿಯಮ ಒಂದು ಮಗುವಿಗೆ ಡೇಕೇರ್ ಒಳಗೆ 2.8 ಚದರ ಮೀಟರ್ ಬೇಕು ಅಂತ ದಶಮಾಂಶದವರೆಗೆ ಹೇಳುತ್ತೆ. ಆದರೆ ಒಂದು ಬಡಾವಣೆಯಲ್ಲಿ ಇಷ್ಟು ಮಕ್ಕಳಿದ್ದರೆ ಇಷ್ಟು ಸೀಟು ಇರಲೇಬೇಕು ಅಂತ ಯಾವ ಕಾನೂನೂ ಹೇಳಲ್ಲ. ಒಳಗೆ ಬಂದ ಮಗುವಿಗೆ ಅಳತೆ ಇದೆ, ಬಾಗಿಲ ಹೊರಗೆ ನಿಂತ ಮಗುವಿಗೆ ಅಳತೆ ಇಲ್ಲ. 2017ರಲ್ಲಿ ಟೊರಾಂಟೋ ಕೌನ್ಸಿಲ್ 2026ರ ಹೊತ್ತಿಗೆ ನಾಲ್ಕು ವರ್ಷದವರೆಗಿನ ಮಕ್ಕಳಲ್ಲಿ ಅರ್ಧದಷ್ಟು ಜನಕ್ಕೆ ಸೀಟು ಮಾಡುವ ಗುರಿ ಇಟ್ಟುಕೊಂಡಿತು. ದೊಡ್ಡ ಗುರಿಯೇ. ಆದರೆ ಗುರಿ ತಪ್ಪಿದರೆ ಯಾವ ಮಗುವೂ ಕೋರ್ಟಿಗೆ ಹೋಗೋಕಾಗಲ್ಲ.

ಸ್ಕೂಲಿನ ಜೊತೆ ಹೋಲಿಸಿ ನೋಡಿ. ಒಂದನೇ ಕ್ಲಾಸಿನ ಮಗು ಕೂರುವ ಕೋಣೆಗೆ ಮಾರುಕಟ್ಟೆ ಬಾಡಿಗೆ ಎಷ್ಟು ಅಂತ ಯಾರಾದರೂ ಕೇಳ್ತಾರಾ? ಪಿಂಚಣಿಯ ಅಜ್ಜಿಯೂ ಕೇಳಲ್ಲ. ಸ್ಕೂಲ್ ಎಲ್ಲರದ್ದು ಅಂತ ನಾವು ಎಂದೋ ಒಪ್ಪಿಬಿಟ್ಟಿದ್ದೀವಿ. ನಾಲ್ಕು ತುಂಬುವ ವರ್ಷದ ಸೆಪ್ಟೆಂಬರ್‌ನಲ್ಲಿ ಮಗು ಜೂನಿಯರ್ ಕಿಂಡರ್‌ಗಾರ್ಟನ್‌ಗೆ ಹೋಗಬಹುದು, ದುಡ್ಡಿಲ್ಲ, ವೇಟಿಂಗ್ ಲಿಸ್ಟ್ ಇಲ್ಲ. ಅದೇ ಮಗು ಅದೇ ವರ್ಷದ ಆಗಸ್ಟ್‌ನಲ್ಲಿ ಖಾಸಗಿ ಸಮಸ್ಯೆ. ಒಂದು ತಿಂಗಳಲ್ಲಿ ಮಗುವಿನಲ್ಲಿ ಏನು ಬದಲಾಯಿತು? ಏನೂ ಇಲ್ಲ. ಬದಲಾದದ್ದು ನಾವು ಎಳೆದ ಗೆರೆಯ ಯಾವ ಕಡೆ ಅದು ನಿಂತಿದೆ ಅನ್ನೋದು.

ಅಜ್ಜಿಗೆ ನನ್ನ ಉತ್ತರ ಇಷ್ಟು. ಅಮ್ಮಾ, ಇದು ಐಟಿ ದಂಪತಿಗೆ ಕೊಟ್ಟ ರಿಯಾಯಿತಿ ಅಲ್ಲ. ನಿಮ್ಮನ್ನು ನೋಡಿಕೊಳ್ಳೋಕೆ ಬರುವ ನರ್ಸ್, ನೀವು ಹತ್ತುವ ಬಸ್ಸಿನ ಡ್ರೈವರ್, ಅವರ ಮಕ್ಕಳೂ ಆ ಕೆಳಗಿನ ಮಹಡಿಯಲ್ಲೇ ಇರ್ತಾರೆ. ಯುದ್ಧದ ಕಾಲದಲ್ಲಿ ಅವರಿಲ್ಲದೆ ಕಾರ್ಖಾನೆ ನಡೆಯಲ್ಲ ಅಂತ ಗೊತ್ತಾಗಿತ್ತು. ಈಗ ಅವರಿಲ್ಲದೆ ಊರೇ ನಡೆಯಲ್ಲ.

ಮೂರು ಗಡಿಯಾರ

ಇಷ್ಟು ಹೇಳಿದ ಮೇಲೂ, ಬಾಡಿಗೆ ಎಷ್ಟು ಅನ್ನೋದೇ ಕೊನೆಯ ಪ್ರಶ್ನೆ ಅಲ್ಲ ಅಂತ ನನಗನ್ನಿಸುತ್ತೆ. ಅದಕ್ಕಿಂತ ದೊಡ್ಡದು ಎಷ್ಟು ಕಾಲಕ್ಕೆ, ಯಾವಾಗಿನಿಂದ ಅನ್ನೋದು.

ಇಲ್ಲಿ ಮೂರು ಗಡಿಯಾರಗಳು ಓಡ್ತಿವೆ. ಮೊದಲನೆಯದು ನೆಲದ ಗಡಿಯಾರ. ಅದರಲ್ಲಿ ಲೀಸ್ ಅಂದರೆ 99 ವರ್ಷ. ಬ್ಯಾಂಕು ಸಾಲ ಕೊಡಬೇಕು, ಹಾಕಿದ ಬಂಡವಾಳ ವಾಪಸ್ ಬರಬೇಕು, ಅದಕ್ಕೆ ಅಷ್ಟು ಕಾಲ. ಎರಡನೆಯದು ಡೇಕೇರ್‌ನ ಗಡಿಯಾರ. ಅವರ ಲೀಸ್ ಐದು ವರ್ಷದ್ದು ಅಂತ ಇಟ್ಕೊಳ್ಳಿ. ನಾಲ್ಕನೇ ವರ್ಷಕ್ಕೆ ಬರುವಾಗಲೇ ಮುಂದೆ ಏನು ಅನ್ನೋ ಚಿಂತೆ. ಹೊಸ ಅಡುಗೆಮನೆ ಹಾಕೋದಾ ಬೇಡವಾ, ಒಳ್ಳೆ ಟೀಚರ್ ಬಂದು ನಿಲ್ತಾರಾ ಇಲ್ಲವಾ. ಮೂರನೆಯದು ಮಗುವಿನ ಗಡಿಯಾರ. ತಾಯಿಯ ಅಥವಾ ತಂದೆಯ ರಜೆ ಒಂದು ವರ್ಷಕ್ಕೋ ಒಂದೂವರೆ ವರ್ಷಕ್ಕೋ ಮುಗಿಯುತ್ತೆ. ಕಿಂಡರ್‌ಗಾರ್ಟನ್ ಶುರುವಾಗೋದು ನಾಲ್ಕರ ಆಸುಪಾಸಿಗೆ. ಮಧ್ಯೆ ಉಳಿಯೋದು ಎರಡೂವರೆ, ಮೂರು ವರ್ಷ. ಅಷ್ಟೇ.

ಕಟ್ಟುವವರಿಗೆ ವಿಳಂಬ ಅಂದರೆ ಬಡ್ಡಿ. ಕೌನ್ಸಿಲ್‌ಗೆ ವಿಳಂಬ ಅಂದರೆ ಇನ್ನೊಂದು ವರದಿ. ಮಗುವಿಗೆ ವಿಳಂಬ ಅಂದರೆ ಅವಕಾಶವೇ ಮುಗಿದಂತೆ. ಎಗ್ಲಿಂಟನ್ ರೈಲಿನ ಕೆಲಸ 2011ರಲ್ಲಿ ಶುರುವಾಗಿ 2020ರಲ್ಲಿ ಮುಗಿಯಬೇಕಿತ್ತು. ಆ ವರ್ಷ ಹುಟ್ಟಿದ ಮಕ್ಕಳು ಒಂಬತ್ತನೇ ಕ್ಲಾಸಿಗೆ ಕಾಲಿಟ್ಟಾಗಲೂ ರೈಲು ಓಡಿರಲಿಲ್ಲ. ರೈಲು ತಡವಾಗಿ ಬಂದರೂ ದೊಡ್ಡವರಾದ ಮೇಲೆ ಆ ಮಕ್ಕಳು ಅದರಲ್ಲಿ ಹತ್ತಬಹುದು. ಡೇಕೇರ್ ಹಾಗಲ್ಲ. ಟವರ್‌ಗಳಿಗೆ ಮೊದಲ ಹಂತ, ಎರಡನೇ ಹಂತ, ಮೂರನೇ ಹಂತ ಅಂತ ಇರುತ್ತೆ. ಡೇಕೇರನ್ನು ಮೂರನೇ ಹಂತಕ್ಕೆ ಹಾಕಿದರೆ, ಮೊದಲ ಹಂತದಲ್ಲಿ ಮನೆಗೆ ಬಂದ ಕುಟುಂಬದ ಮಗು ಅದರೊಳಗೆ ಕಾಲಿಡೋದೇ ಇಲ್ಲ.

ಆದ್ದರಿಂದ ನನ್ನ ತೀರ್ಮಾನ ಇದು. ನಗರಸಭೆ ತನ್ನ ಜಾಗವನ್ನು ಡೇಕೇರ್‌ಗೆ ಕೊಡುವಾಗ ನಡೆದುಕೊಂಡದ್ದು ಸರಿಯಾ ಅಂತ ನೋಡಬೇಕಾದರೆ, ಚದರ ಅಡಿಗೆ ಎಷ್ಟು ಅಂತ ನೋಡಿದರೆ ಸಾಲದು. ಕಾಯೋಕಾಗದವರಿಗೆ ಮೊದಲು ಕೊಟ್ಟರಾ ಅಂತ ನೋಡಬೇಕು. ನೂರು ವರ್ಷ ಕಾಯಬಲ್ಲ ನೆಲಕ್ಕೆ 99 ವರ್ಷದ ಭದ್ರತೆ ಕೊಟ್ಟು, ಮೂರು ವರ್ಷವೂ ಕಾಯೋಕಾಗದ ಮಗುವಿಗೆ ಮುಂದೆ ನೋಡೋಣ ಅನ್ನೋದು ಉಲ್ಟಾ ನ್ಯಾಯ. ಗೇಣಿದಾರರ ಮಾತು ಇಲ್ಲೇ ಕೂರುತ್ತೆ. ಡೇಕೇರ್‌ಗೆ ಬೇಕಾದದ್ದು ದಯೆಯ ಅಗ್ಗದ ಬಾಡಿಗೆ ಅಲ್ಲ, ಗಟ್ಟಿ ಪತ್ರ: ಉದ್ದದ ಅವಧಿ, ನವೀಕರಣದ ಖಾತ್ರಿ, ಚಾವಣಿ ಸೋರಿದರೆ ಯಾರ ಜವಾಬ್ದಾರಿ ಅನ್ನೋ ಸ್ಪಷ್ಟ ಮಾತು. ಫುಡ್ ಬ್ಯಾಂಕಿಗೂ ಹಿರಿಯರ ಕೇಂದ್ರಕ್ಕೂ ಇದೇ ಅಳತೆ ಹಾಕಿ. ಹಸಿದವರೂ ಕಾಯೋಕಾಗಲ್ಲ, ಎಂಬತ್ತು ದಾಟಿದವರೂ ಕಾಯೋಕಾಗಲ್ಲ. ಮಗು ಮುದ್ದಾಗಿದೆ ಅಂತ ಅದಕ್ಕೆ ಆದ್ಯತೆ ಅಲ್ಲ.

ಊರಲ್ಲೂ ಇದೇ, ಮನೆಯಲ್ಲೂ ಇದೇ

ಇದು ಕೆನಡಾದ ವಿಚಿತ್ರ ಅಂದುಕೊಳ್ಳಬೇಡಿ. 1975ರ ಅಕ್ಟೋಬರ್ 2ಕ್ಕೆ ಭಾರತದಲ್ಲಿ ಐಸಿಡಿಎಸ್ ಯೋಜನೆ 33 ಕಡೆ ಶುರುವಾದಾಗ, ಕರ್ನಾಟಕದಲ್ಲಿ ಅದಕ್ಕೆ ಆರಿಸಿದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರವನ್ನು. ಇವತ್ತು ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ಹಳ್ಳಿಗಳಲ್ಲಿ ಎಷ್ಟೋ ಕಡೆ ಸ್ವಂತ ಕಟ್ಟಡ ಇದೆ. ಬೆಂಗಳೂರಿನಂಥ ಊರಲ್ಲಿ ಬಾಡಿಗೆ ಕೋಣೆಯ ಪಾಡು, ಸರ್ಕಾರದ ಬಾಡಿಗೆ ತಡವಾದರೆ ಮನೆ ಮಾಲೀಕರ ಮುಂದೆ ತಲೆ ತಗ್ಗಿಸಿ ನಿಲ್ಲೋದು ಅಂಗನವಾಡಿ ಟೀಚರ್. 2023ರ ಬಜೆಟ್‌ನಲ್ಲಿ ಕರ್ನಾಟಕ ಸರ್ಕಾರ ನರೇಗಾ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗಾಗಿ 4,000 ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆ ಘೋಷಿಸಿತು. ಹೆಸರು ಎಷ್ಟು ಚೆನ್ನಾಗಿದೆ ನೋಡಿ. ಬಾಡಿಗೆದಾರ ಅಲ್ಲ, ಫಲಾನುಭವಿ ಅಲ್ಲ. ಅದು ಕೂಸಿನ ಮನೆ, ಕೂಸೇ ಅದರ ಯಜಮಾನ.

ನಮ್ಮ ಕನ್ನಡದ ಮನೆಗಳಲ್ಲಿ ಈ ವಿಷಯ ಜೋರಾಗಿ ಚರ್ಚೆ ಆಗದಿರೋದಕ್ಕೆ ಒಂದು ಕಾರಣ ಇದೆ. ನಮಗೆ ಬೇರೆ ವ್ಯವಸ್ಥೆ ಇದೆ: ಅಜ್ಜಿ. ಸೂಪರ್ ವೀಸಾದಲ್ಲಿ ಈಗ ಒಂದು ಸಲ ಬಂದರೆ ಐದು ವರ್ಷದವರೆಗೆ ಇರಬಹುದು. ಮಗಳ ಬಾಣಂತನಕ್ಕೆ ಅಂತ ಬಂದವರು ಮೊಮ್ಮಗನ ಕಿಂಡರ್‌ಗಾರ್ಟನ್‌ವರೆಗೂ ಉಳೀತಾರೆ. ಜನವರಿಯ ಹಿಮದಲ್ಲಿ ಹದಿನಾಲ್ಕನೇ ಮಹಡಿಯ ಕಿಟಕಿಯಿಂದ ಪಾರ್ಕಿಂಗ್ ನೋಡ್ತಾ, ಮಗು ಮಲಗಿದಾಗ ಊರಿಗೆ ಫೋನ್ ಮಾಡ್ತಾ ದಿನ ಕಳೀತಾರೆ. ಪ್ರೀತಿಯಿಂದಲೇ ಮಾಡ್ತಾರೆ, ಮೊಮ್ಮಗುವಿಗೆ ಕನ್ನಡ ಬರೋದೂ ಅವರಿಂದಲೇ. ಅದು ಸಣ್ಣ ಲಾಭ ಅಲ್ಲ. ಆದರೆ ಬೇರೆ ದಾರಿ ಇದ್ದೂ ಅವರು ಇದನ್ನು ಆರಿಸಿಕೊಂಡರಾ, ಅಥವಾ ದಾರಿಯೇ ಇರಲಿಲ್ಲವಾ? ಊರು ಕೊಡದ ಕೆಳಗಿನ ಮಹಡಿಯ ಬಾಡಿಗೆಯನ್ನು ಕೆಲವು ಮನೆಗಳಲ್ಲಿ ಅಜ್ಜಿಯರು ತಮ್ಮ ವಯಸ್ಸಿನಲ್ಲಿ ಕಟ್ಟುತ್ತಿದ್ದಾರೆ. ಅಜ್ಜಿ ಬರೋಕಾಗದ ಮನೆಯಲ್ಲಿ ಅದನ್ನು ಕಟ್ಟೋದು ಹೆಚ್ಚಾಗಿ ಅಮ್ಮ, ತನ್ನ ಕೆಲಸ ಬಿಟ್ಟು.

ಹಾಗಾಗಿ ನಿಮ್ಮ ಬಡಾವಣೆಯಲ್ಲಿ ಹೊಸ ಟವರ್‌ನ ಬೋರ್ಡು ಕಂಡರೆ, ಸಾರ್ವಜನಿಕ ಸಭೆಯ ನೋಟಿಸ್ ಬಾಗಿಲಿಗೆ ಬಂದರೆ, ಒಂದು ಸಂಜೆ ಹೋಗಿ ಬನ್ನಿ. ಅಲ್ಲಿ ಎತ್ತರ, ನೆರಳು, ಟ್ರಾಫಿಕ್, ಪಾರ್ಕಿಂಗ್ ಬಗ್ಗೆ ಮಾತಾಡೋರು ಬೇಕಾದಷ್ಟು ಜನ ಇರ್ತಾರೆ. ನೀವು ನಾಲ್ಕು ಪ್ರಶ್ನೆ ಕೇಳಿ. ಡೇಕೇರ್ ಯಾವ ಹಂತದಲ್ಲಿ ಬರುತ್ತೆ? ಲೀಸ್ ಎಷ್ಟು ವರ್ಷದ್ದು? ರಿಪೇರಿ ಯಾರದ್ದು? ಆಟದ ಜಾಗಕ್ಕೆ ಬಿಸಿಲು ಬೀಳುತ್ತಾ? ಇಂಗ್ಲಿಷ್ ಸರಾಗ ಬರದ ನಮ್ಮ ಹಿರಿಯರನ್ನೂ ಜೊತೆಗೆ ಕರ್ಕೊಂಡು ಹೋಗಿ. ಆ ಕಿಟಕಿಯ ಪಕ್ಕ ಕೂತು ಅವರು ಈ ವಿಷಯದ ಬಗ್ಗೆ ನಮಗಿಂತ ಹೆಚ್ಚು ಯೋಚನೆ ಮಾಡಿರ್ತಾರೆ.